ಬರದಲ್ಲಿ ಕಾವಲಿನ ಹುಲ್ಲು ಯಾವ ಆಳದ ನೀರು ಕುಡಿಯುತ್ತದೆ? ನಿಮ್ಮ ನೆಲದಲ್ಲೇ ಅಳೆದು ನೋಡುವ ಕ್ರಮ

ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು, ಜಗಳೂರು ಕಡೆ ಮಳೆ ಕೈಕೊಟ್ಟು ಮೂರು ವಾರವಾದರೆ ಕಾವಲಿನ (ದನ–ಕುರಿ ಮೇಯುವ ಹುಲ್ಲುಗಾವಲಿನ) ಹುಲ್ಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲೇ ಇರುವ ತಂಗಡಿ, ಬಂದರಿಕೆ, ಜಾಲಿ ಮಾತ್ರ ಹಸಿರಾಗಿ ನಿಂತಿರುತ್ತವೆ. ಹುಲ್ಲಿಗೆ ಮೇಲುಮೇಲೆ ಬೇರು, ಅದಕ್ಕೇ ಒಣಗಿತು ಎನ್ನುವವರಿದ್ದಾರೆ. ಇಲ್ಲ, ಅದರ ಬೇರು ಆಳಕ್ಕೂ ಹೋಗುತ್ತದೆ, ಬರದಲ್ಲಿ ಕೆಳಗಿನ ನೀರು ಎಳೆದುಕೊಂಡು ಬದುಕುತ್ತದೆ ಎನ್ನುವವರೂ ಇದ್ದಾರೆ. ಗುಂಡಿ ತೋಡಿ, ಮಣ್ಣು ತೂಗಿ ನೋಡಿದರೆ ಎರಡು ಮಾತೂ ಅರ್ಧ ಸರಿ. ಮಣ್ಣು ಆಳವಾಗಿರುವ ಕಡೆ ಒಂದು ಮೀಟರ್ ಕೆಳಗೂ ಹುಲ್ಲಿನ ಬೇರು ಸಿಗುತ್ತದೆ. ಆದರೆ ಹುಲ್ಲು ಕುಡಿದ ನೀರಿನ ಬಹುಪಾಲು ಮೇಲಿನ 30 ಸೆಂ.ಮೀ.ನಿಂದ, ಅಂದರೆ ಒಂದೂಕಾಲು–ಒಂದೂವರೆ ಗೇಣಿನಿಂದ ಹೋಗಿರುತ್ತದೆ. ಬೇರು ಇರುವ ಆಳ ಬೇರೆ, ನೀರು ಕುಡಿಯುವ ಆಳ ಬೇರೆ.

ಹುಲ್ಲುಬನ್ನಿಯಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಟ್ರೆಂಚ್ ಹೊಡೆಯಬೇಕೋ ಬೇಡವೋ, ಸಸಿ ನೆಡಬೇಕೋ ಬೇಡವೋ, ಮಳೆ ಬಿದ್ದ ಎಷ್ಟು ದಿನಕ್ಕೆ ಕುರಿ ಬಿಡಬೇಕು ಎಂಬುದೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ. ಬೇರೆಯವರ ಲೆಕ್ಕ ನಂಬುವುದಕ್ಕಿಂತ ನಿಮ್ಮ ನೆಲದಲ್ಲೇ ಅಳೆಯುವುದು ಒಳ್ಳೆಯದು. ಒಂದು ಮಳೆಯಿಂದ ಶುರುಮಾಡಿ ನಾಲ್ಕು ವಾರದಲ್ಲಿ ಮುಗಿಯುವ ಕೆಲಸ ಇದು.

ಆಳದಲ್ಲಿ ಬೇರಿದ್ದೂ ಕುಡಿಯುವುದಿಲ್ಲ ಏಕೆ

ಅಮೆರಿಕದ ಕಾನ್ಸಸ್ ರಾಜ್ಯದ ಕೋನ್ಜಾ ಹುಲ್ಲುಗಾವಲಿನಲ್ಲಿ ಮಣ್ಣಿನ ಬೇರೆ ಬೇರೆ ಆಳದ ನೀರಿಗೂ ಗಿಡದೊಳಗಿನ ನೀರಿಗೂ ಇರುವ ಆಮ್ಲಜನಕದ ಐಸೋಟೋಪ್ ಗುರುತನ್ನು (ಹಗುರ ಮತ್ತು ಭಾರದ ಆಮ್ಲಜನಕ ಪರಮಾಣುಗಳ ಪ್ರಮಾಣ, ನೀರು ಯಾವ ಆಳದ್ದೆಂದು ಇದು ಹೇಳುತ್ತದೆ) ಹೋಲಿಸಿ ನೋಡಿದ್ದಾರೆ. ಒಣ ದಿನಗಳಲ್ಲಿ ಪೊದೆಗಳು, ಅಗಲ ಎಲೆಯ ಗಿಡಗಳು ಕೆಳಗಿನ ನೀರಿಗೆ ಇಳಿದವು. ಹುಲ್ಲು ಮಾತ್ರ ಮೇಲಿನ ಪದರವನ್ನೇ ನೆಚ್ಚಿಕೊಂಡಿತ್ತು. ಅಲ್ಲಿಯ ಎತ್ತರದ ಹುಲ್ಲುಗಳು, ನಮ್ಮಲ್ಲಿ ಪಂಚೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುವ ಊಬಿನ ಹುಲ್ಲು (ಹೆಟೆರೊಪೋಗಾನ್), ಹೊಲದ ಜೋಳ, ದಾವಣಗೆರೆಯ ಮೆಕ್ಕೆಜೋಳ, ಇವೆಲ್ಲ ಒಂದೇ ಬಳಗದವು. ಹಾಗೆಂದು ಅಲ್ಲಿನ ಅಂಕಿಯನ್ನು ಇಲ್ಲಿಗೆ ತಂದು ಅಂಟಿಸುವಂತಿಲ್ಲ, ಮಣ್ಣೂ ಬೇರೆ, ಮಳೆಯೂ ಬೇರೆ.

ಕಾರಣಗಳು ಮೂರು. ಮೊದಲನೆಯದು, ಆಳಕ್ಕಿಳಿದಂತೆ ಹುಲ್ಲಿನ ಬೇರು ವಿರಳ. ಎರಡನೆಯದು, ಆ ಬೇರುಗಳೊಳಗೆ ನೀರು ಸಾಗುವ ನಾಳ ಕಿರಿದು. ನಾಳದಲ್ಲಿ ಹರಿಯುವ ನೀರು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ವ್ಯಾಸ ಅರ್ಧಕ್ಕಿಳಿದರೆ ಅದೇ ಎಳೆತಕ್ಕೆ ಬರುವ ನೀರು ಹದಿನಾರರಲ್ಲಿ ಒಂದು ಪಾಲು. ಮೂರನೆಯದು, ಮಣ್ಣು ಒಣಗುತ್ತ ಬಂದಂತೆ ಅದರೊಳಗೆ ನೀರು ಚಲಿಸುವುದೇ ನಿಧಾನವಾಗುತ್ತದೆ. ಬೇರಿಗೆ ತಾಕಿದ ಮಣ್ಣು ಒಣಗಿದ ಮೇಲೆ ಎರಡು ಬೆರಳು ಆಚೆಯ ಹಸಿ ಬೇರಿನವರೆಗೆ ಬರಲು ದಿನಗಟ್ಟಲೆ ಬೇಕು. ಮೇಲಿನ ಪದರದಲ್ಲಿ ಬೇರು ಒತ್ತೊತ್ತಾಗಿರುವುದರಿಂದ ನೀರು ಬರಬೇಕಾದ ದೂರ ಕಡಿಮೆ. ಆಳದಲ್ಲಿ ಆ ದೂರ ಹೆಚ್ಚು.

ಹುಲ್ಲಿನ ಬದುಕು ಇರುವುದೇ ಹೀಗೆ. ಬಿದ್ದ ಮಳೆಯನ್ನು ಬೇಗ ಹಿಡಿ, ಬೇಗ ಬೆಳೆ, ನೀರು ಮುಗಿದರೆ ಎಲೆ ಒಣಗಿಸಿ ಬುಡದಲ್ಲಿ ಜೀವ ಹಿಡಿದು ಮಲಗು. ಬೂದಿಬಣ್ಣದ ಹುಲ್ಲು ಸತ್ತಿದೆ ಎಂದುಕೊಂಡು ಉಳುಮೆ ಮಾಡಿದರೆ ಇಪ್ಪತ್ತು ವರ್ಷದ ಬುಡ ಒಂದೇ ದಿನದಲ್ಲಿ ಹೋಗುತ್ತದೆ.

ಎಲ್ಲಿ ಅಳೆಯುವುದು, ಏನೇನು ಬೇಕು

ಸ್ವಂತ ಬೀಳು ನೆಲದಲ್ಲಿ ಮಾಡಿ. ಅಮೃತ್ ಮಹಲ್ ಕಾವಲು, ಗೋಮಾಳ, ಅರಣ್ಯ ಇವು ಸರ್ಕಾರದ ನೆಲ, ಅಗೆಯುವ ಮುನ್ನ ಅನುಮತಿ ಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ವನ್ಯಧಾಮ. ಅಲ್ಲಿ ಸನಿಕೆ ಹಾಕುವ ಯೋಚನೆಯೇ ಬೇಡ. ದೇವರ ಎತ್ತು ಮೇಯುವ ಜಾಗವಾದರೆ ಅವನ್ನು ಕಾಯುವ ಕಿಲಾರಿಗಳನ್ನು ಮೊದಲು ಕೇಳಿಕೊಳ್ಳಿ. ಅವರು ತೋರಿಸುವ ಜಾಗ ಸಾಮಾನ್ಯವಾಗಿ ಒಳ್ಳೆಯ ಜಾಗವೇ ಆಗಿರುತ್ತದೆ, ಎಲ್ಲಿ ಹುಲ್ಲು ಮೊದಲು ಬಾಡುತ್ತದೆ ಎಂಬುದು ಅವರಿಗೆ ಗೊತ್ತು.

ಬೇಕಾದ ಸಾಮಾನು: ಗಡಾರಿ, ಸನಿಕೆ, ಅಳತೆ ಟೇಪು, 0.1 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ (ಬೆಳ್ಳಿ ತೂಗಲು ಬಳಸುವಂಥದ್ದು), ಜಿಪ್ ಇರುವ ಪ್ಲಾಸ್ಟಿಕ್ ಕವರು, 2 ಮಿ.ಮೀ. ಕಣ್ಣಿನ ಜರಡಿ, ಕಬ್ಬಿಣದ ಬಾಣಲೆ, ಒಳವ್ಯಾಸ 5 ಸೆಂ.ಮೀ. ಮತ್ತು ಎತ್ತರ 5 ಸೆಂ.ಮೀ. ಇರುವ ಜಿ.ಐ. ಪೈಪಿನ ತುಂಡು, ದಪ್ಪ ಪ್ಲಾಸ್ಟಿಕ್ ಹಾಳೆ, ಮಳೆಮಾಪಕ. ಮಳೆಮಾಪಕ ಇಲ್ಲದಿದ್ದರೆ ನೆಟ್ಟಗಿನ ಗೋಡೆಯ ಡಬ್ಬಿ ಸಾಕು, ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಮಿಲಿಮೀಟರ್. ಬಾಯಿ ಅಗಲ, ತಳ ಕಿರಿದಾದ ಬಕೆಟ್ ಇಟ್ಟರೆ ಲೆಕ್ಕ ಹೆಚ್ಚಾಗಿ ಬರುತ್ತದೆ.

ಒಂದೇ ಮಣ್ಣು, ಒಂದೇ ಇಳಿಜಾರು ಇರುವ ಕಡೆ 2 ಮೀಟರ್ ಚೌಕದ ಎರಡು ತಾಕು ಗುರುತಿಸಿ. ನಡುವೆ ಮೂರ್ನಾಲ್ಕು ಮೀಟರ್ ಅಂತರವಿರಲಿ, ಹತ್ತು ಮೀಟರ್ ಒಳಗೆ ಮರ–ಪೊದೆ ಇರಬಾರದು. ಒಂದು ತಾಕಿನ ಹುಲ್ಲನ್ನು ಹಾಗೆಯೇ ಬಿಡಿ. ಇನ್ನೊಂದರಲ್ಲಿ ಬುಡ ಸಹಿತ ಕೊಚ್ಚಿ ತೆಗೆಯಿರಿ. ಬುಡ ನೆಲಮಟ್ಟದಿಂದ 3–4 ಸೆಂ.ಮೀ. ಕೆಳಗೆ ತುಂಡಾಗಬೇಕು, ಇಲ್ಲವಾದರೆ ವಾರದಲ್ಲಿ ಚಿಗುರುತ್ತದೆ. ಗರಿಕೆ, ಕೊನ್ನಾರಿ ಇದ್ದರೆ ಗಿಣ್ಣು–ಗಡ್ಡೆಗಳನ್ನೂ ಆರಿಸಿ. ಆಮೇಲೆ ಕೊಯ್ದ ಹುಲ್ಲನ್ನೇ ಅದರ ಮೇಲೆ ಹೊದಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಹೊದಿಕೆ ಇಲ್ಲದಿದ್ದರೆ ಬೋಳು ನೆಲಕ್ಕೆ ಬಿಸಿಲು ನೇರ ಬಿದ್ದು ಮೇಲಿನ ಮಣ್ಣು ಸುಮ್ಮನೆ ಆವಿಯಾಗಿ ಒಣಗುತ್ತದೆ, ಹುಲ್ಲಿನ ತಾಕು ಕುಡಿದದ್ದಕ್ಕೂ ಇಲ್ಲಿ ಆವಿಯಾದದ್ದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ಕೊಚ್ಚಿದ ತಾಕಿನ ಸುತ್ತ 60 ಸೆಂ.ಮೀ. ಆಳಕ್ಕೆ ಕಿರಿದಾದ ಕಾಲುವೆ ತೋಡಿ, ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಮಣ್ಣು ತುಂಬಿ. ಪಕ್ಕದ ಹುಲ್ಲಿನ ಬೇರು ಒಳಗೆ ಬಂದು ನೀರು ಕದಿಯದಿರಲಿ ಎಂದು ಈ ತಡೆ. ಮಣ್ಣಿನ ಮಾದರಿಯನ್ನು ಯಾವಾಗಲೂ ತಾಕಿನ ನಡುವಿನ ಒಂದು ಮೀಟರ್‌ನಿಂದಲೇ ತೆಗೆಯಬೇಕು.

ಮಣ್ಣು ತೆಗೆಯುವುದು

ಕನಿಷ್ಠ 20–25 ಮಿ.ಮೀ. ಹದ ಮಳೆ ಬೀಳಲಿ. 5 ಮಿ.ಮೀ. ಒಳಗಿನ ತುಂತುರು ಬಹುತೇಕ ಎಲೆ, ಒಣಹುಲ್ಲು, ಮೇಲ್ಮಣ್ಣಿನಿಂದಲೇ ಹಾರಿಹೋಗುತ್ತದೆ, ಅದನ್ನು ನಂಬಿ ಅಳತೆ ಶುರುಮಾಡಬೇಡಿ. ನಮ್ಮಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲ ಇದಕ್ಕೆ ಹೆಚ್ಚು ಅನುಕೂಲ. ಹುಲ್ಲು ಪೂರ್ತಿ ಬೆಳೆದಿರುತ್ತದೆ, ಆಮೇಲೆ ಒಣ ದಿನಗಳೂ ಸಿಗುತ್ತವೆ.

ಮಳೆ ನಿಂತ ಎರಡನೇ ದಿನ ಮೊದಲ ಮಾದರಿ. ಆಮೇಲೆ 7, 14, 21, 28ನೇ ದಿನ. ನಡುವೆ ಮತ್ತೆ ದೊಡ್ಡ ಮಳೆ ಬಂದರೆ ಬೇಸರ ಮಾಡಿಕೊಳ್ಳದೆ ಆ ಮಳೆಯಿಂದಲೇ ದಿನ ಎಣಿಸಿ ಮತ್ತೆ ಶುರುಮಾಡಿ. ಬೆಳಗ್ಗೆ ಎಂಟರೊಳಗೆ ಮುಗಿಸಿ.

ಆಳದ ಪದರಗಳು: 0–10, 10–20, 20–30, 30–45, 45–60 ಸೆಂ.ಮೀ. ಮಣ್ಣು ಇನ್ನೂ ಆಳವಿದ್ದರೆ 60–90. ಒಣಗಿದ ಕೆಮ್ಮಣ್ಣಿಗೆ ಆಗರ್ (ಮಣ್ಣು ಕೊರೆಯುವ ಸಲಕರಣೆ) ಇಳಿಯುವುದಿಲ್ಲ, ಗರಸಿನಲ್ಲಂತೂ ಹಲ್ಲು ಮುರಿಯುತ್ತದೆ. ಗಡಾರಿಯಿಂದ ಒಂದು ಗೇಣು ಅಗಲದ ಗುಂಡಿ ತೋಡಿ, ಒಂದು ಗೋಡೆಯನ್ನು ಚಾಕುವಿನಿಂದ ನೆಟ್ಟಗೆ ಕೆತ್ತಿ, ಕೆಳಗಿನ ಪದರದಿಂದ ಮೇಲಕ್ಕೆ ಮಾದರಿ ತೆಗೆಯುತ್ತ ಬನ್ನಿ. ಮೇಲಿನಿಂದ ಶುರುಮಾಡಿದರೆ ಒಣ ಮಣ್ಣು ಉದುರಿ ಕೆಳಗಿನದಕ್ಕೆ ಬೆರೆಯುತ್ತದೆ. ಗೋಡೆ ಹುಲ್ಲಿನ ಬುಡದ ಅಂಚಿನಿಂದ 10 ಸೆಂ.ಮೀ. ದೂರವಿರಲಿ, ಎಲ್ಲ ದಿನವೂ ಅದೇ ದೂರ. ಪ್ರತಿ ಪದರದಿಂದ ಸುಮಾರು 100 ಗ್ರಾಂ ಕವರಿಗೆ ಹಾಕಿ, ಗಾಳಿ ಹೊರದಬ್ಬಿ ಜಿಪ್ ಮುಚ್ಚಿ, ನೆರಳಲ್ಲಿಡಿ. ಒಂದು ತಾಕಿನಲ್ಲಿ ಪ್ರತಿ ಸಲ ಎರಡು ಗುಂಡಿಯಾದರೂ ಬೇಕು. ಒಂದೇ ಗುಂಡಿಯ ಲೆಕ್ಕ ಕಲ್ಲಿನ ಮೇಲೋ ಇರುವೆ ಗೂಡಿನ ಮೇಲೋ ಬಿದ್ದು ದಾರಿ ತಪ್ಪಿಸುತ್ತದೆ. ನಡುವಿನ ಜಾಗ ಐದೂ ಸಲಕ್ಕೆ ಸಾಲುವಂತೆ ಗುಂಡಿಗಳ ಜಾಗವನ್ನು ಮೊದಲ ದಿನವೇ ಗೂಟ ಹೊಡೆದು ಹಂಚಿಕೊಂಡಿರಿ.

ಕೆಲಸ ಮುಗಿದ ಮೇಲೆ ಗುಂಡಿಗೆ ಅದೇ ಮಣ್ಣನ್ನು ಪದರ ಪದರವಾಗಿ ತುಂಬಿ ತುಳಿದು ಗಟ್ಟಿಮಾಡಿ. ತೆರೆದು ಬಿಟ್ಟರೆ ಗೋಡೆಯ ಕಡೆಯಿಂದ ಮಣ್ಣು ಒಣಗುತ್ತದೆ, ಸಣ್ಣ ಮಳೆ ಬಂದರೂ ನೀರು ನೇರ ಆಳಕ್ಕಿಳಿದು ಮುಂದಿನ ಎಲ್ಲ ಅಳತೆ ಕೆಡುತ್ತದೆ.

ತೂಕ ಮತ್ತು ಲೆಕ್ಕ

ನಮ್ಮ ಕೆಂಪು ನೆಲದಲ್ಲಿ ಕಲ್ಲು–ಗರಸು ಜಾಸ್ತಿ, ಕಲ್ಲು ನೀರು ಹಿಡಿಯುವುದಿಲ್ಲ. ಹಸಿ ಮಣ್ಣನ್ನು ಬೇಗ ಜರಡಿ ಹಿಡಿದು ಕಲ್ಲು ತೆಗೆದು, ಉಳಿದ ಮಣ್ಣನ್ನು ತೂಗಿ. ಓವನ್ ಇದ್ದರೆ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸುವುದು ಸರಿಯಾದ ಕ್ರಮ. ಇಲ್ಲದಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಒಣಗಿಸಿ, ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ತೂಗಿದಾಗ ತೂಕ ಒಂದೇ ಬಂದರೆ ಮುಗಿಯಿತು. ಸುಟ್ಟ ವಾಸನೆ ಬಂದರೆ ಉರಿ ಜಾಸ್ತಿಯಾಗಿದೆ, ಮಣ್ಣಿನೊಳಗಿನ ಬೇರು–ಕಸ ಉರಿದು ತೂಕ ಇಳಿಯುತ್ತಿದೆ, ಆ ಮಾದರಿ ಬಿಟ್ಟುಬಿಡಿ.

100 ಗ್ರಾಂ ಹಸಿ ಮಣ್ಣು ಒಣಗಿ 94 ಗ್ರಾಂ ಆಯಿತು ಎನ್ನೋಣ. ಹೋದ ನೀರು 6 ಗ್ರಾಂ. ಅದನ್ನು ಒಣ ತೂಕದಿಂದ, ಅಂದರೆ 94ರಿಂದ ಭಾಗಿಸಬೇಕು: ಶೇ 6.4. 100ರಿಂದ ಭಾಗಿಸುವುದು ಸಾಮಾನ್ಯ ತಪ್ಪು, ಹಸಿ ಜಾಸ್ತಿಯಾದಷ್ಟೂ ಆ ತಪ್ಪು ದೊಡ್ಡದಾಗುತ್ತದೆ.

ಮುಂದೆ ಮಣ್ಣಿನ ಸಾಂದ್ರತೆ ಬೇಕು. ಪೈಪಿನ ತುಂಡನ್ನು ಹಸಿ ಇರುವಾಗ ಮರದ ಹಲಗೆ ಇಟ್ಟು ಬಡಿದು ಮಣ್ಣಿಗೆ ಇಳಿಸಿ, ಸುತ್ತ ಅಗೆದು ತೆಗೆದು, ಎರಡೂ ತುದಿ ಚಾಕುವಿನಿಂದ ಸಮ ಕೊಯ್ದು, ಒಣಗಿಸಿ ತೂಗಿ. ಪೈಪಿನ ಒಳಗಾತ್ರ 98 ಘನ ಸೆಂ.ಮೀ. ಒಣ ಮಣ್ಣು 147 ಗ್ರಾಂ ಬಂದರೆ ಸಾಂದ್ರತೆ 1.5. ಈಗ ಪದರದ ನೀರು = (ಶೇಕಡಾ ÷ 100) × ಸಾಂದ್ರತೆ × ಪದರದ ದಪ್ಪ ಮಿ.ಮೀ.ನಲ್ಲಿ. ನಮ್ಮ ಉದಾಹರಣೆಯಲ್ಲಿ 0.064 × 1.5 × 100 = 9.6 ಮಿ.ಮೀ. ಮುಂದಿನ ವಾರ ಅದೇ ಪದರ ಶೇ 4ಕ್ಕೆ ಇಳಿದರೆ 6 ಮಿ.ಮೀ. ಹೋದದ್ದು 3.6 ಮಿ.ಮೀ., ಅಂದರೆ ಒಂದು ಚದರ ಮೀಟರ್‌ಗೆ 3.6 ಲೀಟರ್. ಜರಡಿಯಲ್ಲಿ ಉಳಿದ ಕಲ್ಲು ಗಾತ್ರದಲ್ಲಿ ನಾಲ್ಕನೇ ಒಂದು ಪಾಲಿದ್ದರೆ ಬಂದ ಅಂಕಿಯಿಂದ ನಾಲ್ಕನೇ ಒಂದು ಪಾಲು ಕಳೆಯಿರಿ. ಆಗ ಪೈಪಿನ ಮಣ್ಣನ್ನೂ ಕಲ್ಲಿಲ್ಲದ ಜಾಗದಿಂದಲೇ ತೆಗೆದಿರಬೇಕು.

ಹುಲ್ಲಿನ ತಾಕಿನ ಇಳಿಕೆಯಿಂದ ಕೊಚ್ಚಿದ ತಾಕಿನ ಇಳಿಕೆ ಕಳೆದರೆ ಉಳಿಯುವುದು, ಹೆಚ್ಚೂಕಡಿಮೆ, ಬೇರು ಕುಡಿದ ನೀರು. ಪದರವಾರು ಒಂದು ಕಾಗದದಲ್ಲಿ ಬರೆಯುತ್ತ ಹೋಗಿ.

ಸಾಮಾನ್ಯವಾಗಿ ಮೊದಲ ವಾರ 0–10 ಪದರ ಬರಿದಾಗುತ್ತದೆ, ಎರಡನೇ ವಾರ 10–30. ಮೂರನೇ ವಾರದಲ್ಲಿ ಗಮನವಿಟ್ಟು ನೋಡಿ. 30–60ರಲ್ಲಿ ನೀರು ಇನ್ನೂ ಇರುತ್ತದೆ, ಆದರೂ ವಾರದ ಇಳಿಕೆ ಸಣ್ಣದು, ಮೇಲೆ ಹುಲ್ಲು ಬಾಡಿರುತ್ತದೆ. ಹತ್ತಿರದ ತಂಗಡಿಯ ಬುಡದಲ್ಲಿ ಇನ್ನೊಂದು ಗುಂಡಿ ತೋಡಿ ಅದೇ ವಾರ ಅಳೆದರೆ ಆಳದ ಪದರ ಇಳಿಯುತ್ತಿರುವುದು ಕಾಣುತ್ತದೆ. ಮಣ್ಣು 40 ಸೆಂ.ಮೀ.ಗೇ ಕಲ್ಲರೆ ಮುಟ್ಟಿದರೆ ಈ ಹೋಲಿಕೆ ಸಾಧ್ಯವಿಲ್ಲ. ಪೊದೆಯ ಬೇರು ಬಿರುಕಿನೊಳಗೆ ಹೋಗಿರುತ್ತದೆ, ಅಲ್ಲಿಗೆ ನಿಮ್ಮ ಗಡಾರಿ ಹೋಗದು.

ಎರೆ ನೆಲವಾದರೆ

ಶೇಕಡಾ ಅಂಕಿಯನ್ನು ಕೆಮ್ಮಣ್ಣು–ಎರೆಗಳ ನಡುವೆ ಹೋಲಿಸಬೇಡಿ. ಮರಳು ಮಿಶ್ರಿತ ಕೆಮ್ಮಣ್ಣಿನಲ್ಲಿ ಶೇ 8 ಅಂದರೆ ಹುಲ್ಲಿಗೆ ಕುಡಿಯಲು ನೀರಿದೆ, ಗಟ್ಟಿ ಎರೆಯಲ್ಲಿ ಶೇ 15 ಇದ್ದರೂ ಹುಲ್ಲು ಬಾಡಿರಬಹುದು. ಜೇಡಿ ಕಣ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಸಣ್ಣ ಮಳೆಗೆ ಕೆಂಪು ನೆಲ ಮೊದಲು ಹಸಿರಾಗುವುದು ಇದಕ್ಕೇ. 10 ಮಿ.ಮೀ. ಮಳೆ ಅಲ್ಲಿ ಬೇರಿನವರೆಗೆ ಇಳಿಯುತ್ತದೆ, ಎರೆಯಲ್ಲಿ ಮೇಲಿನ ಎರಡು ಅಂಗುಲವನ್ನಷ್ಟೇ ತೋಯಿಸಿ ಬಿಸಿಲಿಗೆ ಹಾರುತ್ತದೆ.

ನಿಮ್ಮ ಮಣ್ಣಿನ ‘ಬಾಡುವ ಮಟ್ಟ’ ಕಂಡುಕೊಳ್ಳಲು ಹಳೆಯ, ನಂಬಬಹುದಾದ ದಾರಿ ಸೂರ್ಯಕಾಂತಿ ಸಸಿ. ತೂತಿಲ್ಲದ ಡಬ್ಬಿಯಲ್ಲಿ ಅರ್ಧ ಕಿಲೋ ಜರಡಿ ಹಿಡಿದ ಮಣ್ಣು ಹಾಕಿ ಎರಡು ಸಸಿ ಬೆಳೆಸಿ. ಮೂರು ಜೋಡಿ ಎಲೆ ಬಂದ ಮೇಲೆ ಮಣ್ಣಿನ ಮೇಲ್ಮೈಯನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿ ನೀರು ನಿಲ್ಲಿಸಿ. ಎಲ್ಲ ಎಲೆ ಜೋತು, ರಾತ್ರಿಯಿಡೀ ಒದ್ದೆ ಬಟ್ಟೆ ಕಟ್ಟಿದ ಬಕೆಟ್ ಬೋರಲು ಹಾಕಿದರೂ ಬೆಳಗ್ಗೆ ಚೇತರಿಸದಿದ್ದರೆ ಆ ಮಣ್ಣಿನ ತೇವ ಅಳೆಯಿರಿ. ಹೊಲದ ಅಂಕಿಯಿಂದ ಅದನ್ನು ಕಳೆದರೆ ಉಳಿಯುವುದೇ ಕುಡಿಯಲು ಸಿಗುವ ನೀರು. ಕಾವಲಿನ ಗಟ್ಟಿ ಹುಲ್ಲುಗಳು ಇದಕ್ಕಿಂತ ಸ್ವಲ್ಪ ಕೆಳಗೂ ಎಳೆಯಬಲ್ಲವು, ಆದರೆ ಅಲ್ಲಿ ಸಿಗುವ ನೀರು ಬೆಳವಣಿಗೆಗೆ ಸಾಲದು, ಬುಡದ ಜೀವಕ್ಕೆ ಮಾತ್ರ.

ಎರೆ ಬಿರುಕು ಬಿಟ್ಟ ಮೇಲೆ ಬೇರು ಹರಿಯುತ್ತದೆ, ಬಿರುಕಿನ ಗೋಡೆಯಿಂದಲೂ ನೀರು ಆವಿಯಾಗುತ್ತದೆ. ಬಿರುಕಿನ ಅಂಚಿನಿಂದ ಒಂದು ಗೇಣು ದೂರದಲ್ಲಿ ಮಾದರಿ ತೆಗೆಯಿರಿ.

ಎಲೆ ಮತ್ತು ಬೇರು ಹೇಳುವುದು

ತಕ್ಕಡಿ ಇಲ್ಲದವರಿಗೂ ಇದು ಸಾಧ್ಯ. ಮಧ್ಯಾಹ್ನ ಎರಡಕ್ಕೆ ಹುಲ್ಲಿನ ಎಲೆ ಸೂಜಿಯಂತೆ ಸುರುಳಿಯಾಗಿರುವುದನ್ನು ಮೆಕ್ಕೆಜೋಳ ಬೆಳೆದವರೆಲ್ಲ ನೋಡಿರುತ್ತಾರೆ. ಎಲೆಯ ಮೇಲ್ಮೈಯಲ್ಲಿ ಸಾಲಾಗಿರುವ ದೊಡ್ಡ ಕೋಶಗಳು ನೀರು ಕಳೆದುಕೊಂಡು ಕುಗ್ಗಿದಾಗ ಎಲೆ ಮಡಚುತ್ತದೆ. ಮಧ್ಯಾಹ್ನದ ಸುರುಳಿಗೆ ಹೆದರಬೇಕಿಲ್ಲ. ಸೂರ್ಯ ಹುಟ್ಟುವ ಮೊದಲು ಹೋಗಿ ನೋಡಿ. ಎಲೆ ಬಿಚ್ಚಿಕೊಂಡಿದ್ದರೆ ರಾತ್ರಿ ಬೇರು ನೀರು ತುಂಬಿಕೊಟ್ಟಿದೆ. ನಸುಕಿನಲ್ಲೂ ಸುರುಳಿಯಾಗಿಯೇ ಇದ್ದರೆ ಮೇಲಿನ ಪದರ ಮುಗಿಯಿತು ಎಂದೇ ಅರ್ಥ. ಇಪ್ಪತ್ತು ಬುಡ ಗುರುತು ಮಾಡಿಕೊಂಡು ದಿನ ಬಿಟ್ಟು ದಿನ ಎಣಿಸಿ. ಅರ್ಧಕ್ಕಿಂತ ಹೆಚ್ಚು ಬುಡ ನಸುಕಿನಲ್ಲಿ ಮುಚ್ಚಿದ್ದರೆ ಮೇಯಿಸುವುದನ್ನು ನಿಲ್ಲಿಸುವ ದಿನ ಬಂದಿದೆ.

ಮರಳು ಮಿಶ್ರಿತ ನೆಲದಲ್ಲಿ ಒಂದು ಬುಡವನ್ನು ಎಳೆಯಬೇಡಿ, ಸನಿಕೆಯಿಂದ ಮಣ್ಣು ಸಹಿತ ಎತ್ತಿ ಮೆಲ್ಲಗೆ ಕೊಡವಿ. ಕೆಲವು ಬೇರುಗಳು ಬರಿದಾಗಿ ಹೊರಬರುವುದಿಲ್ಲ, ಸುತ್ತ ಮಣ್ಣಿನ ಅಂಗಿಯ ತೋಳು ತೊಟ್ಟಂತೆ ಮರಳು ಅಂಟಿಕೊಂಡಿರುತ್ತದೆ. ಬೆರಳಿನಿಂದ ಉಜ್ಜಿದರೆ ಒಳಗೆ ಬಿಳಿ ಬೇರು. ಬೇರಿನ ರೋಮ ಮತ್ತು ಬೇರು ಸೂಸುವ ಲೋಳೆ ಮರಳನ್ನು ಹೀಗೆ ಹಿಡಿದಿಡುತ್ತವೆ. ಬರದಲ್ಲಿ ಬೇರು ಕುಗ್ಗಿದಾಗ ಮಣ್ಣಿಗೂ ಬೇರಿಗೂ ನಡುವೆ ಸಂದು ಬೀಳದಂತೆ ಈ ತೋಳು ಕಾಯುತ್ತದೆ. ಮಳೆ ಬಂದ ಕೂಡಲೇ ನೀರು ಮುಟ್ಟುವುದೂ ಇದರ ಮೂಲಕವೇ. ಬೇರು ಬಿಳಿಯಾಗಿ, ಬಗ್ಗಿಸಿದರೆ ಮುರಿಯದಿದ್ದರೆ ಬುಡ ಜೀವಂತ. ಕಂದಾಗಿ, ಸಿಪ್ಪೆ ಜಾರಿ, ಚಟ್ಟನೆ ಮುರಿದರೆ ಆ ಬೇರು ಸತ್ತಿದೆ. ಸಣ್ಣ ಬೇರು ಸಾಯುವುದು ಬರದಲ್ಲಿ ಸಹಜ, ಬುಡದಲ್ಲಿ ಶಕ್ತಿ ಉಳಿದಿದ್ದರೆ ಮಳೆಯಾದ ಕೆಲವೇ ದಿನಗಳಲ್ಲಿ ಹೊಸದು ಬರುತ್ತದೆ.

ಅಳೆದ ಮೇಲೆ ನೆಲದಲ್ಲಿ ಏನು ಮಾಡುವುದು

ಮೇಲಿನ 30 ಸೆಂ.ಮೀ.ಗೆ ನೀರು ಇಳಿಸುವುದು, ಅಲ್ಲೇ ಉಳಿಸುವುದು, ಅಲ್ಲಿರುವ ಬೇರು ಕಾಯುವುದು. ಒಳ್ಳೆಯ ಹುಲ್ಲು ನಿಂತಿರುವ ಕಡೆ ಜೆಸಿಬಿ ತಂದು ಟ್ರೆಂಚ್ ಹೊಡೆಸಬೇಡಿ. ಅಗೆದ ಮಣ್ಣು ಹುಲ್ಲನ್ನು ಮುಚ್ಚುತ್ತದೆ, ಹರಿದು ಬಂದ ನೀರು ಒಂದೇ ಗೆರೆಯಲ್ಲಿ ಆಳಕ್ಕೆ ಇಳಿಯುತ್ತದೆ. ಆ ಆಳದ ನೀರು ಹುಲ್ಲಿನ ಪಾಲಿಗೆ ಬರುವುದು ಕಡಿಮೆ, ಜಾಲಿಯ ಪಾಲಿಗೆ ಹೆಚ್ಚು. ಅದರ ಬದಲು ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ, ಒಂದು ಗೇಣು ಎತ್ತರ ಮೀರದ ಕಲ್ಲಿನ ಸಾಲು ಇಡಿ. ನೀರು ನಿಲ್ಲುವುದು ಬೇಡ, ನಿಧಾನವಾಗಿ ಸೋಸಿ ಹೋದರೆ ಸಾಕು. ಬೋಳುಬಿದ್ದ ಕಡೆ ಬೋರೆ, ಜಾಲಿ ಮುಳ್ಳು ಹರಡಿದರೆ ದನ ತುಳಿಯುವುದು ತಪ್ಪಿ ಹುಲ್ಲಿನ ಬೀಜ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆಂಕಿ ಹಾಕಬೇಡಿ. ಒಣ ಹುಲ್ಲೇ ಆ ನೆಲದ ನೆರಳು.

ಬಳ್ಳಾರಿ ಜಾಲಿ ನುಗ್ಗಿದ್ದರೆ ನೆಲಮಟ್ಟಕ್ಕೆ ಕಡಿಯುವುದು ದಂಡ, ಒಂದು ಕಾಂಡದ ಜಾಗದಲ್ಲಿ ಐದು ಬರುತ್ತವೆ. ಬುಡದ ಸುತ್ತ ಅಗೆದು 20–30 ಸೆಂ.ಮೀ. ಕೆಳಗೆ ಬೇರು ತುಂಡರಿಸಬೇಕು, ಮೊಗ್ಗು ಇರುವ ಭಾಗ ಪೂರ್ತಿ ಹೊರಬರಬೇಕು. ಮಳೆಯ ಮರುವಾರ ಈ ಕೆಲಸ ಸುಲಭ.

ಮೇಯಿಸುವುದರಲ್ಲಿ ಹೆಚ್ಚು ಜನ ಎಡವುತ್ತಾರೆ. ಅಮೆರಿಕದ ಕೃಷಿ ಇಲಾಖೆ 1955ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಲ್ಲಿನ ಎಲೆಯನ್ನು ಅರ್ಧದವರೆಗೆ ಕತ್ತರಿಸಿದಾಗ ಬೇರಿನ ಬೆಳವಣಿಗೆಗೆ ಹೆಚ್ಚು ಧಕ್ಕೆಯಾಗಲಿಲ್ಲ. ಶೇ 80 ಕತ್ತರಿಸಿದಾಗ ಬೇರು 12 ದಿನ ಬೆಳೆಯುವುದನ್ನೇ ನಿಲ್ಲಿಸಿತು. ನಮ್ಮ ಕಡೆಯ ಒಂದು ಮಳೆಯ ಹಸಿ ಕೆಂಪು ನೆಲದ ಮೇಲಿನ ಪದರದಲ್ಲಿ ಉಳಿಯುವುದೇ ಹತ್ತು–ಹದಿನೈದು ದಿನ. ಮಳೆ ಬಿದ್ದ ನಾಲ್ಕನೇ ದಿನ ಮೊಳಕೆ ಹಸಿರು ಕಂಡು ಕುರಿ ಬಿಟ್ಟರೆ, ನೀರು ಇರುವ ದಿನಗಳಲ್ಲೇ ಬೇರು ಕೈಕಟ್ಟಿ ಕೂರುತ್ತದೆ, ಬೇರು ಏಳುವ ಹೊತ್ತಿಗೆ ಮಣ್ಣು ಒಣಗಿರುತ್ತದೆ. ಹೊಸ ಚಿಗುರು ಒಂದು ಗೇಣು ಏಳುವ ತನಕ, ಬರದ ನಂತರದ ಮೊದಲ ಮಳೆಯಾದರೆ ಮೂರ್ನಾಲ್ಕು ವಾರ, ಆ ಜಾಗ ಬಿಟ್ಟುಬಿಡಿ. ಎಲ್ಲ ಕಡೆ ಬಿಡಲು ಆಗದು, ಮಂದೆಗೆ ಮೇವು ಬೇಕು. ಹುಲ್ಲುಬನ್ನಿಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲಿನಲ್ಲಿ ಒಣಮೇವು ಹಾಕಿ ಮಂದೆ ಹಿಡಿದುಕೊಳ್ಳಿ, ಮೂರು ಪಾಲು ಚೇತರಿಸಲಿ. ಆ ಒಂದು ಪಾಲು ಪ್ರತಿ ವರ್ಷ ಬದಲಾಗಬೇಕು. ಮೇಯಿಸುವಾಗ 8–10 ಸೆಂ.ಮೀ. ಕೂಳೆ ಉಳಿಯಲಿ, ಅಂದರೆ ಮುಷ್ಟಿ ಕಟ್ಟಿ ನೆಲದ ಮೇಲಿಟ್ಟರೆ ಹುಲ್ಲಿನ ತುದಿ ಹೆಬ್ಬೆರಳಿನ ಮಟ್ಟಕ್ಕೆ ಬರಬೇಕು. ಕುರಿ ದನಕ್ಕಿಂತ ಬುಡಕ್ಕೆ ಹತ್ತಿರ ಕಚ್ಚುತ್ತದೆ, ಹಾಗಾಗಿ ಕುರಿಮಂದೆಯಾದರೆ ಈ ಮುಷ್ಟಿಯ ಅಳತೆಯನ್ನು ದಿನವೂ ಸಂಜೆ ಹತ್ತು ಕಡೆ ಇಟ್ಟು ನೋಡಿ, ಐದು ಕಡೆ ಹುಲ್ಲು ಹೆಬ್ಬೆರಳಿಗಿಂತ ಕೆಳಗಿದ್ದರೆ ಮರುದಿನವೇ ಮಂದೆ ಎಬ್ಬಿಸಿ.